ಹಸಿರು ನೀರಿನ ಹೆಪ್ಪು

ಊರೆಲ್ಲ ಕೆರೆದು ತೆಗೆಯುವುದನ್ನು ಒಬ್ಬ ಬೆಳೆಸಲು ಹೊರಟರೆ ಇಂಥವೆಲ್ಲ ಆಗುತ್ತಲೇ ಇರುತ್ತವೆ.

ನಾನು ಬೆಳೆಸುವುದು ಹಾವಸೆ. ಅಂಗಳದಲ್ಲಿ ಕಾಲು ಜಾರಿಸುವ ಹಾವಸೆಯಲ್ಲ, ಅದರ ದೂರದ ನೆಂಟ. ಕಡಲ ನೀರಿನಲ್ಲಿ ತೇಲುವ, ಒಂದೊಂದಾಗಿ ಕಣ್ಣಿಗೆ ಕಾಣದ, ಕೋಟಿಗಟ್ಟಲೆ ಸೇರಿದಾಗ ನೀರನ್ನೇ ಹಸಿರಾಗಿಸುವ ಸಸ್ಯ. ಸಾಗರದ ನಮ್ಮ ಮನೆಯ ಗಾಜಿನ ತೊಟ್ಟಿಯಲ್ಲಿ ಒಂದು ಜೋಡಿ ಕಡಲ ಮೀನುಗಳಿವೆ. ಅವುಗಳ ಮರಿ ತಿನ್ನುವುದು ಒಂದು ಬಗೆಯ ಸಣ್ಣ ಹುಳುವನ್ನು, ಆ ಹುಳು ತಿನ್ನುವುದು ಈ ಹಸಿರು ನೀರನ್ನು. ಹಿಂದೆ ಎರಡು ಸಲ ಮರಿಗಳೆಲ್ಲ ಹಸಿದು ಸತ್ತಿದ್ದವು. ಈ ಸಲ ಹಾಗಾಗಬಾರದೆಂದು ದೂರದಿಂದ ಒಂದು ಬಾಟಲಿ ಹಸಿರು ತರಿಸಿ, ಅಂಗಳದ ಬಿಸಿಲಿನಲ್ಲಿ ಎರಡು ಕ್ಯಾನಿಗೆ ಹಾಕಿದೆ. ಮೊಸರಿನ ಹಾಗೆಯೇ ಇದು. ಸ್ವಲ್ಪ ಉಳಿಸಿಕೊಂಡರೆ ಮತ್ತೆ ಮಾಡಬಹುದು. ಮೊಸರಿನ ಹೆಪ್ಪು ಮುಗಿದರೆ ಪಕ್ಕದ ಮನೆಯಲ್ಲಿ ಕೇಳಬಹುದು. ಈ ಹೆಪ್ಪು ಮೂರು ತಾಲ್ಲೂಕಿನಲ್ಲಿ ಇನ್ನಾರ ಬಳಿಯೂ ಇರಲಿಲ್ಲ.

೧. ಕ್ಯಾನಿನೊಳಗೆ ಏನಿದೆ

ಕಡಲ ನೀರು ತರಲು ಭಟ್ಕಳಕ್ಕೆ ಹೋಗಿ ಬರುತ್ತಿದ್ದೆ. ದಾರಿಯಲ್ಲಿ ಪೊಲೀಸರೊಬ್ಬರು ಕಾರು ನಿಲ್ಲಿಸಿದರು.

"ಕ್ಯಾನಲ್ಲಿ ಏನ್ರೀ?"

"ಸಮುದ್ರದ ನೀರು."

"ನೋಡಿ, ಎಲ್ಲರೂ ನೀರು ಅಂತಾನೇ ಹೇಳೋದು."

ಮುಚ್ಚಳ ತೆಗೆಸಿದರು, ಮೂಸಿದರು, ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡರು. ಮುಖ ಕಿವುಚಿದರು. ನನ್ನನ್ನು ಮೇಲಿಂದ ಕೆಳಗೆ ನೋಡಿ ಮೆಲ್ಲಗೆ ಕೇಳಿದರು: "ಮನೇಲಿ ಉಪ್ಪು ಸಿಗಲ್ವಾ?"

೨. ಉಪಕಾರ

ಪಕ್ಕದ ಮನೆಯಾಕೆ ಮಳೆಗಾಲಕ್ಕೆ ಮೊದಲೇ ಅಂಗಳ ತಿಕ್ಕಿಸುವವರು. ಒಂದು ಸಂಜೆ ನಾನು ಕೆಲಸದಿಂದ ಬಂದಾಗ ಬೇಲಿಯ ಹತ್ತಿರ ಕಾಯುತ್ತಿದ್ದರು.

"ನಿಮ್ ಕ್ಯಾನ್ ನೋಡೋಕಾಗ್ತಿರ್ಲಿಲ್ಲ ಮಾರಾಯ್ರೇ, ಹಸಿರು ಹಿಡ್ದು ಹಾಳಾಗಿತ್ತು. ನಮ್ಮನೆ ಅಂಗಳಕ್ಕೆ ಹಾಕಿದ ಬ್ಲೀಚಿಂಗ್ ಪೌಡರ್ ಒಂದು ಹಿಡಿ ಉಳಿದಿತ್ತು, ನಿಮ್ದಕ್ಕೂ ಹಾಕ್ದೆ."

ಕ್ಯಾನು ನೋಡಿದೆ. ಹದಿನೈದು ದಿನದ ಹಸಿರು ಸುಣ್ಣದ ತಿಳಿಯಂತಾಗಿತ್ತು. ಮುಚ್ಚಳ ತೆಗೆದು ತಳದವರೆಗೂ ಬಗ್ಗಿ ನೋಡಿದೆ. ಆಕೆ ಅದನ್ನು ಸಂತೋಷವೆಂದುಕೊಂಡರು.

"ಥ್ಯಾಂಕ್ಸ್ ಎಲ್ಲ ಬೇಡ. ಇನ್ನೊಂದು ಕ್ಯಾನಿಗೆ ನಾಳೆ ಹಾಕ್ತೀನಿ."

೩. ಹೂಕುಂಡ

ಇನ್ನೊಂದು ಕ್ಯಾನನ್ನು ಆ ದಿನವೇ ಮನೆಯ ಹಿಂದಕ್ಕೆ ಸಾಗಿಸಿದೆ. ಅಲ್ಲಿಗೆ ಡೆಂಗಿ ಸಮೀಕ್ಷೆಯವರು ಬಂದರು. ಬಂದಾಕೆ ಟಾರ್ಚು ಬಿಟ್ಟು ನೋಡಿ, "ಹುಳ ಇಲ್ಲ. ಆದರೆ ಇದನ್ನ ಏನಂತ ಬರೀಲಿ ಸರ್? ಫಾರಂನಲ್ಲಿ ಟೈರು, ಡ್ರಮ್ಮು, ಹೂಕುಂಡ, ಇಷ್ಟೇ ಇರೋದು" ಎಂದರು.

"ಇದರಲ್ಲಿ ಸಸ್ಯ ಇದೆ" ಎಂದೆ. ಅದು ಸತ್ಯವೇ.

"ಹಾಗಾದ್ರೆ ಹೂಕುಂಡ."

ಮರುವಾರ ನಾನಿಲ್ಲದಾಗ ಬೇರೊಬ್ಬರು ಬಂದು ಹೋಗಿದ್ದರು. ಕ್ಯಾನು ಬೋರಲು ಬಿದ್ದಿತ್ತು. ಅದರ ಕೆಳಗೊಂದು ಚೀಟಿ: "ಹೂಕುಂಡದಲ್ಲಿ ನೀರು ನಿಂತಿತ್ತು, ಚೆಲ್ಲಿದ್ದೇವೆ. ಗಿಡ ಕೊಳೆತಿದೆ. ಬೇರೆ ನೆಡಿ."

೪. ಭಾವ

ಈಗ ಉಳಿದದ್ದು ಫ್ರಿಜ್ಜಿನಲ್ಲಿ ತೆಗೆದಿಟ್ಟಿದ್ದ ಒಂದೇ ಒಂದು ಬಾಟಲಿ. ತೊಟ್ಟಿಯಲ್ಲಿ ಮೀನು ಮತ್ತೆ ಮೊಟ್ಟೆಯಿಡುವ ಜಾಗವನ್ನು ಒರೆಸಿಕೊಳ್ಳುತ್ತಿತ್ತು. ಯಾರೂ ಮುಟ್ಟದಿರಲೆಂದು ಬಾಟಲಿಯ ಮೇಲೆ ದೊಡ್ಡದಾಗಿ "ಹೆಪ್ಪು" ಎಂದು ಬರೆದೆ. ನನ್ನ ತಪ್ಪು ಅದೇ.

ತೀರ್ಥಹಳ್ಳಿಯಿಂದ ಹೆಂಡತಿಯ ಅಣ್ಣ ಬಂದಿದ್ದರು. ಮಡಿಯ ಮನುಷ್ಯ. ಯಾರ ಮನೆಯಲ್ಲೂ ಲೋಟಕ್ಕೆ ತುಟಿ ಮುಟ್ಟಿಸುವವರಲ್ಲ, ಎತ್ತಿ ಕುಡಿಯುವವರು. ನಾವೆಲ್ಲ ಅದಕ್ಕೆ ನಗುತ್ತಿದ್ದೆವು. ನಾನೂ ಹೆಂಡತಿಯೂ ಪೇಟೆಗೆ ಹೋಗಿದ್ದೆವು, ಭಾವ ತಾವೇ ಬಡಿಸಿಕೊಂಡು ಉಂಡಿದ್ದರು. ನಾವಿಬ್ಬರೂ ಒಳಗೆ ಬರುವಾಗ ಕೈ ತೊಳೆಯುತ್ತಿದ್ದರು.

"ತಂಬ್ಳಿ ಚಲೋ ಇದ್ದು ತಂಗಿ. ಉಪ್ಪು ಮಾತ್ರ ಜಾಸ್ತಿ."

"ಎಂತ ತಂಬ್ಳಿ? ಇವತ್ತು ಆನು ತಂಬ್ಳಿ ಮಾಡಿದ್ದೇ ಇಲ್ಲೆ."

"ಒಂದೆಲಗದ್ದು. ಬಾಟ್ಲಿ ಮೇಲೆ ಹೆಪ್ಪು ಹೇಳಿ ಇದ್ದಲ. ಮೊಸರಿಂದೇ ಅಲ್ದ? ಲೋಟಕ್ಕೆ ಬಗ್ಗಿಸಿ ಒಂದು ಗುಟುಕು ಕುಡಿದೆ. ಉಪ್ಪು! ಅದಕ್ಕೇ ಅನ್ನಕ್ಕೆ ಹಾಕಿ ಕಲಸಿದೆ."

ಹೆಂಡತಿ ನನ್ನ ಮುಖ ನೋಡಿದಳು. ನಾನು ನೋಡಿದ್ದು ಭಾವ ತೊಳೆದಿಟ್ಟ ಖಾಲಿ ಬಾಟಲಿಯನ್ನು. ವಿಷಯ ಹೇಳಲೇಬೇಕಾಯಿತು. ಭಾವ ಅಲ್ಲೇ ಕುಳಿತರು.

"ಮೀನಿಂದಾ?"

"ಮೀನಿಗೆ, ಭಾವ. ಮೀನಿಂದಲ್ಲ. ಬರೀ ಹಾವಸೆ, ಪೂರ್ತಿ ಸಸ್ಯಾಹಾರ."

"ಹಾವಸೆಯಾ?" ದೀರ್ಘವಾಗಿ ಉಸಿರು ಬಿಟ್ಟರು. "ಹಂಗಾರೆ ಅಡ್ಡಿಲ್ಲೆ. ನಾನು ಹೆದರಿಬಿಟ್ಟಿದ್ದೆ."

ಆಗ ಕಂಡಿತು, ಊಟದ ಮೇಜಿನ ಮೇಲೆ ಲೋಟ ಹಾಗೇ ಇದೆ. ತಳದಲ್ಲಿ ಎರಡು ಚಮಚೆಯಷ್ಟು ಹಸಿರು. ಬಾಯಿ ತಾಗಿದ್ದರೆ ಬೇಡದ ಬ್ಯಾಕ್ಟೀರಿಯ ಸೇರಿ ಅದೂ ಕೆಡುವ ಸಂಭವ ಹೆಚ್ಚು.

"ಭಾವ, ಇದನ್ನ ಕಚ್ಚಿ ಕುಡಿದ್ರಾ, ಎತ್ತಿ ಕುಡಿದ್ರಾ?"

ಹಾವಸೆ ಉಂಡದ್ದಕ್ಕೆ ಬಾರದ ಸಿಟ್ಟು ಭಾವನಿಗೆ ಈಗ ಬಂತು. "ಮೂವತ್ತು ವರ್ಷದಿಂದ ನೋಡ್ತಾ ಇದ್ದಿ. ನಾನು ಯಾವತ್ತಾದರೂ ಕಚ್ಚಿ ಕುಡಿದದ್ದು ಕಂಡಿದ್ಯಾ?"

ಕಂಡಿರಲಿಲ್ಲ. ಆ ಎರಡು ಚಮಚೆಯನ್ನು ಕಾಯಿಸಿ ಆರಿಸಿದ ಕಡಲ ನೀರಿಗೆ ಹಾಕಿ, ಗೊಬ್ಬರದ ನಾಲ್ಕು ಹನಿ ಬಿಟ್ಟು ಬಿಸಿಲಿಗಿಟ್ಟೆ. ಐದು ದಿನ ಏನೂ ಇಲ್ಲ. ಆರನೆಯ ದಿನ ನೀರು ಎಳೆ ಹಸಿರಾಯಿತು. ಮುಂದಿನ ಮೊಟ್ಟೆ ಒಡೆಯುವ ಹೊತ್ತಿಗೆ ಕ್ಯಾನು ತುಂಬಿತ್ತು. ಈಗ ತೊಟ್ಟಿಯಲ್ಲಿ ಕಿರುಬೆರಳಿನ ಉಗುರಿನಷ್ಟುದ್ದದ ಹನ್ನೊಂದು ಮರಿಗಳಿವೆ.

ಮೊನ್ನೆ ಹೊಸನಗರದಿಂದ ಇದೇ ಹುಚ್ಚಿನವರೊಬ್ಬರು ಒಂದು ಬಾಟಲಿ ಹಸಿರು ಕೇಳಿಕೊಂಡು ಬಂದರು. ಬೆಳಕಿಗೆ ಹಿಡಿದು ನೋಡಿದರು.

"ತುಂಬಾ ಶುದ್ಧವಾಗಿದೆ ಸರ್. ಹೆಪ್ಪು ಎಲ್ಲಿಂದ?"

ಕಾಫಿ ತಂದ ಹೆಂಡತಿ ಹೇಳಿದಳು: "ತೀರ್ಥಹಳ್ಳಿಯಿಂದ. ನಮ್ಮಣ್ಣ ಕುಡಿದು ನೋಡಿಯೇ ಕೊಡೋದು."