ಡಬ್ಬಿಗಳ ಸೇವಾನಿವೃತ್ತಿ

“ಕನಕರಾಜಪ್ಪಗ ನಿಧಿ ಹುಚ್ಚು ಹಿಡದೈತಿ” ಎಂದು ಗಜೇಂದ್ರಗಡದ ನಮ್ಮ ಓಣಿಯಲ್ಲಿ ಹೇಳುತ್ತಿದ್ದರು. ಮೊದಲು ಹೇಳಿದವಳು ಎದುರುಮನೆ ಗಾಳೆವ್ವ. ಫೋನ್ ನೋಡುತ್ತ, ಕಂಕುಳಲ್ಲಿ ಡಬ್ಬಿ ಇಟ್ಟುಕೊಂಡು ಕಲ್ಲುಸಂದಿಗೆ ಕೈ ಹಾಕುವ ಗಂಡಸನ್ನು ಕಂಡರೆ ಅವಳಾದರೂ ಏನು ತಿಳಿಯಬೇಕು? ಆದರೆ ನಾನು ಹುಡುಕುತ್ತಿರಲಿಲ್ಲ, ಬಚ್ಚಿಡುತ್ತಿದ್ದೆ! ಜಿಯೋಕ್ಯಾಶಿಂಗ್ ಎಂಬುದು ಜಗತ್ತೇ ಆಡುವ ಆಟ. ನಾವು ಡಬ್ಬಿ ಬಚ್ಚಿಟ್ಟು ಜಾಗದ ಗುರುತನ್ನು ಫೋನಿಗೆ ಹಾಕಬೇಕು. ಗುರುತು ಪರಿಚಯ ಇಲ್ಲದವರು ಹುಡುಕಿ ಬಂದು, ಒಳಗಿನ ಹಾಳೆಯಲ್ಲಿ ಹೆಸರು ಬರೆದು, ಒಂದು ಸಾಮಾನು ತೆಗೆದುಕೊಂಡು ಇನ್ನೊಂದು ಇಟ್ಟು ಹೋಗಬೇಕು. (ಇದರಿಂದೇನು ಲಾಭ ಎಂದು ಕೇಳಬೇಡಿ. ಹೆಂಡತಿ ಕೇಳಿಯಾಗಿದೆ.)

ನನಗೆ ನರಗುಂದಕ್ಕೆ ವರ್ಗವಾಯಿತು. ಊರು ಬಿಡುವವನು ತನ್ನ ಡಬ್ಬಿಗಳನ್ನು ನಿವೃತ್ತಿಗೊಳಿಸಬೇಕು, ಇಲ್ಲವೇ ಯೋಗ್ಯ ವಾರಸುದಾರರಿಗೆ ಒಪ್ಪಿಸಬೇಕು. ಅದು ಆಟದ ಧರ್ಮ. ನನ್ನ ಸಾಮ್ರಾಜ್ಯಕ್ಕೆ ವಾರಸುದಾರರೇ ಸಿಗಲಿಲ್ಲ. ಹಾಗೇ ಬಿಟ್ಟು ಹೋಗೋಣವೆಂದಿದ್ದೆ. ಆದರೆ ಹೊರಡುವ ದಿನ ಅಡುಗೆಮನೆಯಿಂದ ನಾಗರತ್ನಾ ಗುಡುಗಿದಳು.

“ರೀ, ನಮ್ಮವ್ವ ಕೊಟ್ಟ ಡಬ್ಬಿ ಸೆಟ್ಟಿನಾಗ ಮೂರು ಕಮ್ಮಿ ಅದಾವು!”

“ಅವು... ಸೇವಾದಾಗ ಅದಾವು.”

“ಯಾರ ಸೇವಾದಾಗ?”

“ಒಂದು ರೋಣದಾಗ, ಒಂದು ನರೇಗಲ್ಲಿನಾಗ, ಸಣ್ಣದು ಹಿಂದಿನ ಗುಡ್ಡದಾಗ.”

“ಮೂರೂ ಬರೂತನಕಾ ನಾ ಟೆಂಪೋ ಹತ್ತೂದಿಲ್ಲ. ನೀವೊಬ್ರ ಹೋಗ್ರಿ, ನರಗುಂದದಾಗ ಫೋನ್ ಕುದಿಸ್ಕೊಂಡು ತಿನ್ರಿ!”

ಹೆಲ್ಮೆಟ್ ಏರಿಸಿ ಬೈಕ್ ಹತ್ತಿದೆ. ರೋಣದ್ದು, ನರೇಗಲ್ಲಿನದು ಎರಡನ್ನೂ “ದೀರ್ಘ ಸೇವೆಯಿಂದ ಗೌರವಪೂರ್ವಕ ನಿವೃತ್ತಿ” ಎಂದು ಫೋನಿನಲ್ಲಿ ಘೋಷಿಸಿ ತಂದುಕೊಟ್ಟೆ. ಅವಳು ಗಂಟಿಗೆ ಸೇರಿಸಿ ಟೆಂಪೋ ತಳಕ್ಕೆ ಹಾಕಿಸಿದಳು. ಉಳಿದದ್ದು ಗುಡ್ಡದ ಡಬ್ಬಿ, ನನ್ನ ಕಿರೀಟದ ರತ್ನ! “ಇಂಥ ಆದರಾತಿಥ್ಯ ಎಲ್ಲೂ ಕಂಡಿಲ್ಲ” ಎಂದು ಪುಣೆಯವರೂ ಫೋನಿನಲ್ಲಿ ಬರೆದಿದ್ದರು. (ನಾನಿಟ್ಟ ಪೆಪ್ಪರಮಿಂಟಿನ ಪ್ರಭಾವ.) ಹೆಲ್ಮೆಟ್ ತೆಗೆಯಲೂ ಪುರಸೊತ್ತಿಲ್ಲದೆ ಗುಡ್ಡಕ್ಕೆ ಓಡಿ ಕೈ ಹಾಕಿದರೆ, ಸಂದಿ ಖಾಲಿ!

ಮರಳಿ ಬಂದರೆ ಟೆಂಪೋ ಹಾರ್ನ್ ಹೊಡೆಯುತ್ತಿದೆ, ಪಕ್ಕದ ಮನೆಯ ಕಳಕವ್ವ ನಮ್ಮ ಬಾಗಿಲಲ್ಲಿ ನಿಂತಿದ್ದಾಳೆ. ಕೈಯಲ್ಲಿ ಅದೇ ಡಬ್ಬಿ!

“ಹ್ವಾದ ವರ್ಷ ಆಡು ಮೇಯಸಾಕ ಹೋದಾಗ ಸಿಕ್ತವಾ ನಾಗರತ್ನಾ. ನೆಗ್ಗಿದ ಮುಚ್ಚಳ ನೋಡಿ ನಿಂದ ಅಂತ ಗುರ್ತ ಹಿಡದೆ. ಬರೇ ಡಬ್ಬಿ ಹ್ಯಾಂಗ ಕೊಡೂದು? ಶೇಂಗಾ ಹಿಂಡಿ ಕುಟ್ಟಿ, ತುಂಬಿ ಕೊಟ್ರಾತು ಅಂತ ಇಟ್ಕೊಂಡಿದ್ದೆ. ನೀವು ಹೊಂಟ್ರಿ ಅಂದಕೂಡ್ಲೆ ಕುಟ್ಟಿದೆ.”

“ಮತ್ತ ಹುಡಕಾಕ ಬಂದವರು?” ಎಂದೆ.

“ಭಾಳ ಮಂದಿ ಬಂದ್ರಪಾ! ಪಾಪ, ಬಿಸಲಾಗ ಕಲ್ಲು ಎಬ್ಬಸಾಕ್ಹತ್ತಿದ್ರು. ಮನಿಗೆ ಕರದು, ರೊಟ್ಟಿ ಮಜ್ಜಿಗಿ ಕೊಟ್ಟು ಡಬ್ಬಿ ತೋರಸ್ತಿದ್ದೆ. ಹೆಸರು ಬರದು, ಕಾಲಿಗೆ ಬಿದ್ದು ಹೋಗ್ತಿದ್ರು. ನೀ ಆಫೀಸ್ನ್ಯಾಗ ಇರ್ತಿದ್ದಿ.”

“ಒಳಗಿನ ಪೆಪ್ಪರಮಿಂಟು?”

“ಇರಬಿ ಹತ್ತಿದ್ವು. ಚೆಲ್ಲಿದೆ.”

ಉಳಿದ ಮಾನವನ್ನಾದರೂ ಕಾಪಾಡಿಕೊಳ್ಳಲು ಗಂಟಲು ಸರಿಮಾಡಿಕೊಂಡೆ. “ಕಳಕವ್ವತ್ತಿ, ಇವತ್ತಿನಿಂದ ಈ ಡಬ್ಬಿ ಕಾರಭಾರ ನಿಮಗ ಒಪ್ಪಿಸೀನಿ.”

“ನನ್ನ ಹಂತ್ಯಾಕ ಇದ್ದದ್ದ ನನಗ ಏನ್ ಕೊಡ್ತಿಯಪಾ?”

ಆಗ ನಾಗರತ್ನಾ ಕರಗಿ ನೀರಾದಳು. “ಖರೇ ಐತ್ರಿ ಅತ್ತಿ. ಡಬ್ಬಿ ನಿಮ್ಮಲ್ಲೇ ಇರ್ಲಿ. ದೂರದಿಂದ ಬಂದವರು ಹಂಗ ತಿರುಗಿ ಹೋಗಬಾರ್ದು.” (ಇದೇ ಡಬ್ಬಿಗಾಗಿ ಟೆಂಪೋ ಹತ್ತೆನೆಂದವಳು!) ಆದರೆ ಆ ಹಿಂಡಿ, ಅಂದರೆ ಚಟ್ನಿಪುಡಿ, ಸುರಿಯಲು ಮನೆಯಲ್ಲಿ ಒಂದು ಬಟ್ಟಲೂ ಉಳಿದಿರಲಿಲ್ಲ. ಅವಳ ಕಣ್ಣು ಸುತ್ತಲೂ ಹುಡುಕಿ, ಬಂದು ನನ್ನ ತಲೆಯ ಮೇಲೆ ನಿಂತಿತು.

“ಬ್ಯಾಡ,” ಎಂದೆ.

“ಲಗೂ ತಗೀರಿ!”

ಹೆಲ್ಮೆಟ್ಟಿಗೆ ಪೇಪರ್ ಹಾಸಿ ಹಿಂಡಿ ಸುರಿದಳು. ಬರೇ ಡಬ್ಬಿ ಕೊಡಬಾರದೆಂದು ಮುಡಿಯ ಹೂ ಹರಿದು ಅದರೊಳಗಿಟ್ಟು ಕಳಕವ್ವನ ಕೈಗೆ ಕೊಟ್ಟಳು. ನಾನು ಬಾಗಿಲಿಗೆ ಕೀಲಿ ಹಾಕಿ, ಪೇಪರ್ ಮುಚ್ಚಿದ ಹೆಲ್ಮೆಟ್ಟನ್ನು ಎರಡೂ ಕೈಯಿಂದ ಎದೆಗೆ ಅವುಚಿಕೊಂಡು, ಚೆಲ್ಲದಂತೆ ಒಂದೊಂದೇ ಮೆಟ್ಟಿಲು ಇಳಿದೆ.

ಎದುರುಮನೆ ಕಟ್ಟೆಯಿಂದ ಗಾಳೆವ್ವ ಇಡೀ ಓಣಿಗೆ ಕೇಳುವಂತೆ ಕೂಗಿದಳು: “ನಾ ಹೇಳಿದ್ದಿಲ್ಲ? ನೋಡ್ರೆವಾ, ಹೋಗೂ ಹೊತ್ತಿಗೆ ಸಿಕ್ಕ ಬಿಟ್ಟೈತಿ!”