ಸೋಲುವ ತಂಡಕ್ಕೆ ಮೂವರು ಅಭಿಮಾನಿಗಳು

ಗೆಲ್ಲುವ ತಂಡದ ಅಭಿಮಾನಿಗಳಿಗೆ ಟ್ರೋಫಿ ಸಿಗುತ್ತದೆ, ನಮ್ಮಂಥವರಿಗೆ ಪ್ರಸಂಗಗಳು ಸಿಗುತ್ತವೆ. ಅವಕ್ಕೆ ಯಾವ ವರ್ಷವೂ ಬರ ಬಂದದ್ದಿಲ್ಲ.

ನಾವು ಮೂವರು. ಡಾಲಸ್ ಪಕ್ಕದ ಕಾಪೆಲ್‌ನಲ್ಲಿ ನಾನು, ಹ್ಯೂಸ್ಟನ್ ಕಡೆ ವುಡ್‌ಲ್ಯಾಂಡ್ಸ್‌ನಲ್ಲಿ ಧಾರವಾಡದ ಡಾಕ್ಟರು, ಆಸ್ಟಿನ್‌ನಲ್ಲಿ ಮೈಸೂರಿನ ಸಾಫ್ಟ್‌ವೇರ್ ಗೆಳೆಯ. ಅಮೆರಿಕಕ್ಕೆ ಬಂದ ಹೊಸತರಲ್ಲಿ ಮೂವರೂ ಒಂದೇ ಕಾಲೇಜಿನಲ್ಲಿದ್ದೆವು. ಡಿಗ್ರಿಯ ಜೊತೆಗೆ ಅಲ್ಲಿನ ಬ್ಯಾಸ್ಕೆಟ್‌ಬಾಲ್ ತಂಡವನ್ನೂ ಅಂಟಿಸಿಕೊಂಡು ಬಂದೆವು. ಡಿಗ್ರಿಯಿಂದ ಕೆಲಸ ಸಿಕ್ಕಿತು, ತಂಡದಿಂದ ಆಸಿಡಿಟಿ.

ಈ ಸಲ ನಮಗಿದ್ದ ಆಸೆ ಒಂದೇ, ಚೆಂಡು ಹಿಡಿದು ಆಟ ನಡೆಸುವ ನಮ್ಮ ಪಾಯಿಂಟ್ ಗಾರ್ಡ್. ಉಳಿದ ನಾಲ್ವರು ಎಲ್ಲಿ ನಿಲ್ಲಬೇಕೆಂದು ಯೋಚಿಸುವಷ್ಟರಲ್ಲಿ ಬ್ಯಾಸ್ಕೆಟ್ ಹಾಕಿ ಬರುವ ಹುಡುಗ. ಆದರೆ ಈಗ ಕಾಲ ಬದಲಾಗಿದೆ. ಆಟಗಾರರು ವರ್ಷಕ್ಕೊಂದು ಕಾಲೇಜು ಬದಲಿಸಬಹುದು, ಹಣವನ್ನೂ ರಾಜಾರೋಷವಾಗಿ ಪಡೆಯಬಹುದು. ಅವನು ಉಳಿದರೆ ನಾವು ಉಳಿದೆವು, ಹೋದರೆ ದೇವರೇ ಗತಿ.

ಕೋಚ್ ಮತ್ತು ಬಿ.ಪಿ.

ಡಾಕ್ಟರ ಹತ್ತಿರ ಬಿ.ಪಿ. ಏರಿದ ಪೇಶೆಂಟ್ ಒಬ್ಬ ಬಂದ. ಮನಸ್ಸಿಗೇನಾದರೂ ಚಿಂತೆಯೇ ಎಂದು ಇವರು ಕೇಳಿದರು. ನಮ್ಮ ಕೋಚ್ ಎಂದ ಅವನು. ನೋಡಿದರೆ ನಮ್ಮದೇ ತಂಡದ ಅಭಿಮಾನಿ. ಆಮೇಲೆ ಕೇಳಬೇಕೆ? ಹೊರಗೆ ಕಾದವರನ್ನು ಮರೆತು, ಎಲ್ಲ ಮುಗಿದ ಮೇಲೆ ಟೈಮ್‌ಔಟ್ ಕೇಳುವ ಆ ಮಹಾನುಭಾವನನ್ನು ತೆಗೆಯಬೇಕೋ ಬೇಡವೋ ಎಂದು ಇಬ್ಬರೂ ವಾದಕ್ಕೆ ಬಿದ್ದರು. ಇನ್ನೊಂದು ವರ್ಷ ಕೊಡಿ ಅಂತ ಪೇಶೆಂಟ್, ಒಂದು ವಾರ ಕೂಡ ಬೇಡ ಅಂತ ಡಾಕ್ಟರು.

ಕೊನೆಗೆ ಮತ್ತೊಮ್ಮೆ ಬಿ.ಪಿ. ನೋಡಿದರೆ ಮೊದಲಿಗಿಂತ ಮೇಲಿತ್ತು. ಮ್ಯಾಚ್ ನೋಡುವುದನ್ನು ಬಿಡಲೇಬೇಕು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು. ನೀವು ಹೇಗೆ ನೋಡುತ್ತೀರಿ ಎಂದು ಅವನು ಕೇಳಿದನಂತೆ.

"ಏನ್ ಹೇಳ್ಲಿರಿ ಅವಂಗ," ಅಂದರು ಡಾಕ್ಟರು ನಮಗೆ. "ಆಟದ ಮುಂಚೆ ಒಂದು ಗುಳಿಗಿ, ಆಮ್ಯಾಲೆ ಒಂದು ಗುಳಿಗಿ ಅಂತ ಖರೇನ ಹೇಳಿಬಿಟ್ಟೆ. ಅವನೂ ಅದನ್ನ ಬರದು ಕೊಡ್ರಿ ಅಂದ."

ಹುಡುಗನನ್ನು ನೋಡಿ ಬಂದದ್ದು

ಹ್ಯೂಸ್ಟನ್ನಿನ ಹೈಸ್ಕೂಲಿನಲ್ಲಿ ಒಬ್ಬ ಉದ್ದನೆಯ ಹುಡುಗ ಇದ್ದಾನೆ, ಮುಂದಿನ ವರ್ಷ ನಮ್ಮ ಕಾಲೇಜಿಗೆ ಬರಬಹುದು ಎಂಬ ಸುದ್ದಿ ಹಬ್ಬಿತು. ಆಸ್ಟಿನ್ ಗೆಳೆಯ ತಡೆಯಲಾರದೆ ಡ್ರೈವ್ ಮಾಡಿಕೊಂಡು ಹೋಗಿ ಅವನ ಆಟ ನೋಡಿ ಬಂದ. ಹುಡುಗನ ಆಟದ ಬಗ್ಗೆ ಕೇಳಿದರೆ, ಮನೆತನ ಚೆನ್ನಾಗಿದೆ, ತಾಯಿಯೂ ಎತ್ತರ, ಮಾತು ಮೆದು ಎಂದು ವರದಿ ಒಪ್ಪಿಸಿದ. ಅಷ್ಟೇ ಅಲ್ಲ, ಪಕ್ಕದಲ್ಲಿ ಕೂತಿದ್ದ ಹುಡುಗನ ಅಜ್ಜಿಯಿಂದ ಹುಟ್ಟಿದ ವೇಳೆಯನ್ನೂ ಕೇಳಿಕೊಂಡು ಬಂದಿದ್ದ. ಮೊಮ್ಮಗನ ಬಗ್ಗೆ ಇಷ್ಟು ಆಸ್ಥೆಯಿಂದ ಕೇಳಿದವರು ಯಾರೂ ಇರಲಿಲ್ಲವೆಂದು ಆಕೆಗೂ ಖುಷಿಯಾಯಿತಂತೆ.

ಮೈಸೂರಿನ ಜೋಯಿಸರಿಗೆ ಫೋನ್ ಹೋಯಿತು. ಗುರುಬಲ ಅದ್ಭುತ, ಈ ಹುಡುಗನಿಗೆ ಕೆಟ್ಟ ಸಹವಾಸ ತಾನಾಗಿಯೇ ತಪ್ಪುತ್ತದೆ ಎಂದರು ಅವರು. ನಾವು ಕುಣಿದಾಡಿದೆವು.

ಅದೇ ವಾರ ಅವನು ಬೇರೆ ಕಾಲೇಜಿಗೆ ಸೈನ್ ಮಾಡಿದ. ಜೋಯಿಸರದ್ದು ಒಂದಕ್ಷರ ಸುಳ್ಳಾಗಲಿಲ್ಲ.

ಸನ್ಮಾನ

ಸೀಸನ್ ಎಂದಿನಂತೆ ಸೋಲಿನಲ್ಲಿ ಮುಗಿಯಿತು. ಪಾಯಿಂಟ್ ಗಾರ್ಡ್‌ಗೆ ದೊಡ್ಡ ದೊಡ್ಡ ಕಾಲೇಜುಗಳಿಂದ ಕರೆ ಬರುತ್ತಿದೆಯೆಂದು ತಿಳಿದಾಗ ನನಗೆ ಊಟ ರುಚಿಸಲಿಲ್ಲ. ಹೇಗಾದರೂ ಮಾಡಿ ಅವನನ್ನು ಹಿಡಿದಿಟ್ಟುಕೊಳ್ಳಬೇಕಿತ್ತು. ಆ ಕಾಲೇಜುಗಳಿಗೆ ಹಣ ಸುರಿಯುವ, ಎಣ್ಣೆ ಬಾವಿ ಇರುವವರ ಮುಂದೆ ನಮ್ಮ ಚಂದಾ ಎಲ್ಲಿಗೆ ಸಾಕು?

"ರೊಕ್ಕದಾಗ ನಾವು ಅವರ ಸಮ ಆಗೂದಿಲ್ರಿ," ಅಂದರು ಡಾಕ್ಟರು. "ಮರ್ಯಾದಿ ಕೊಡೂದರಾಗ ಯಾಕ ಕಡಿಮಿ ಬೀಳಬೇಕು?"

ಹಾಗಾಗಿ ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ನ ಹಾಲ್‌ನಲ್ಲಿ ನಡೆದ ನಮ್ಮವರ ಯುಗಾದಿ ಕಾರ್ಯಕ್ರಮಕ್ಕೆ ಅವನನ್ನು ಕರೆಸಿದೆವು. ಹುಡುಗ ವಿನಯವಂತ, ಹೋಳಿಗೆಯನ್ನು ಎರಡು ಸಲ ಹಾಕಿಸಿಕೊಂಡ. ವೇದಿಕೆಯ ಮೇಲೆ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸಿ, ಗಂಧದ ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟೆವು. ಮೈಸೂರು ಪೇಟ ಅವನ ತಲೆಗೆ ಚಿಕ್ಕದಾದರೂ ಡಾಕ್ಟರು ಒತ್ತಿ ಕೂರಿಸಿದರು. ಆಸ್ಟಿನ್ ಗೆಳೆಯ ಇಂಗ್ಲಿಷಿನಲ್ಲಿ ಭಾಷಣ ಮಾಡಿ, ನಿನ್ನ ಸೇವೆಯನ್ನು ನಾವು ಎಂದೆಂದಿಗೂ ಮರೆಯುವುದಿಲ್ಲ, ಮುಂದಿನ ಜೀವನ ಸುಖಮಯವಾಗಿರಲಿ ಎಂದು ಹಾರೈಸಿದ. ಸನ್ಮಾನದ ಭಾಷಣ ಎಂದರೆ ಅವನಿಗೆ ಅದೊಂದೇ ಗೊತ್ತಿದ್ದದ್ದು.

ಹುಡುಗನ ಕಣ್ಣು ತುಂಬಿತು. ಕಾರ್ಯ ಕೈಗೂಡಿತೆಂದು ನಾನು ಡಾಕ್ಟರ ಕೈ ಹಿಸುಕಿದೆ. ಕೆಳಗಿಳಿದು ಬಂದವನು ನನ್ನ ಮಗಳ ಪಕ್ಕ ಕೂತು, ಇದು ಯಾವ ಶಾಸ್ತ್ರ ಎಂದು ಕೇಳಿದನಂತೆ. ಅವಳು ತನಗೆ ಗೊತ್ತಿದ್ದದ್ದನ್ನು ಇಂಗ್ಲಿಷಿನಲ್ಲಿ ಪ್ರಾಮಾಣಿಕವಾಗಿ ಹೇಳಿದ್ದಾಳೆ: ನಮ್ಮ ತಾತ ಬ್ಯಾಂಕಿನಿಂದ ರಿಟೈರ್ ಆದಾಗ ಆಫೀಸಿನವರು ಇದನ್ನೇ ಮಾಡಿದ್ದರು, ಇದೇ ಟೋಪಿ, ಇದೇ ಹಣ್ಣು. ಅವಳು ಇದನ್ನು ನನಗೆ ಹೇಳಿದ್ದು ಕಾರಿನಲ್ಲಿ, ಡಾಲಸ್‌ಗೆ ಅರ್ಧ ದಾರಿ ಬಂದ ಮೇಲೆ.

ವಾರದೊಳಗೆ ಅವನ ನಿರ್ಧಾರ ಹೊರಬಿತ್ತು. ಅದರ ಜೊತೆಗೆ ಶಾಲು, ಹಾರ, ಪೇಟದ ಫೋಟೋ, ಕೆಳಗೆ ಅವನದೇ ಮಾತು: "ಹೊರಡಲೋ ಬೇಡವೋ ಎಂದು ತುಂಬಾ ಒದ್ದಾಡಿದೆ, ಮನಸ್ಸು ಉಳಿಯುವ ಕಡೆಗೇ ಇತ್ತು. ಆದರೆ ಅಭಿಮಾನಿಗಳೇ ಇಷ್ಟು ಪ್ರೀತಿಯಿಂದ ಬೀಳ್ಕೊಟ್ಟ ಮೇಲೆ ಅಲ್ಲೇ ಇರುವುದು ಚೆನ್ನಾಗಿರುವುದಿಲ್ಲ ಅನ್ನಿಸಿತು."