ಸಮಾನ ಆರೋಗ್ಯ ಮತ್ತು ಖಾಸಿಂಸಾಬನ ಎರಡನೆಯ ಚಹಾ

ಆರೋಗ್ಯವು ಮನುಷ್ಯನ ಹಕ್ಕು ಎಂಬುದು 2004ರಲ್ಲಿ ಹುನಗುಂದ ತಾಲೂಕಿಗೆ ಅಧಿಕೃತವಾಗಿ ತಿಳಿಯಿತು. ತಿಳಿದ ಮೇಲೆ ಸುಮ್ಮನಿರುವುದು ತರವಲ್ಲವೆಂದು, ಮೇಲಿನಹಾಳ ಮತ್ತು ಕೆಳಗಿನಹಾಳ ಎಂಬ ಎರಡು ಊರುಗಳ ನಡುವಿನ ಅಸಮಾನತೆ ಅಳಿಸಲು ಸಮಿತಿಯೊಂದು ರಚನೆಯಾಯಿತು. ಮೇಲಿನಹಾಳದ ದವಾಖಾನೆಯಲ್ಲಿ ಡಾಕ್ಟರೂ ಇದ್ದರು, ಔಷಧಿಯೂ ಇತ್ತು. ಕೆಳಗಿನಹಾಳದ ದವಾಖಾನೆಯಲ್ಲಿ ಬೋರ್ಡು ಇತ್ತು.

ಸಮಿತಿಯು ಊಟದ ನಂತರ ತೀರ್ಮಾನಕ್ಕೆ ಬಂದಿತು: ಒಂದು ದಿನ ಡಾಕ್ಟರು ಮೇಲಿನಹಾಳದಲ್ಲಿ, ಔಷಧಿಪೆಟ್ಟಿಗೆ ಕೆಳಗಿನಹಾಳದಲ್ಲಿ. ಮರುದಿನ ಅದಲುಬದಲು. ಯಾವ ಊರಿಗೂ ಇನ್ನೊಂದಕ್ಕಿಂತ ಹೆಚ್ಚು ಸಿಗಕೂಡದು.

ಕೆಳಗಿನಹಾಳದ ನೇಕಾರ ಗೋವಿಂದಪ್ಪನಿಗೆ ಬಿಡದ ಕೆಮ್ಮು. ಮಗ್ಗದಲ್ಲಿ ಕೂತು ಕೆಮ್ಮಿದರೆ ಎಳೆ ಹರಿಯುತ್ತಿತ್ತು. ಅವನ ಹೆಂಡತಿ ಬಾಳವ್ವ ಸಮಿತಿಯ ಅಧ್ಯಕ್ಷ ಚೇತನಕುಮಾರರ ಎದುರು ನಿಂತಳು.

"ಸಾಹೇಬ್ರ, ಸೀರಿ ಮೈ ಒಂದ್ ಮನ್ಯಾಗ, ಸೆರಗು ಇನ್ನೊಂದ್ ಮನ್ಯಾಗ ಇಟ್ಟಂಗಾತಲ್ರಿ. ಕೊಂಡಿ ಹಾಕಾವ್ರು ಯಾರು?"

ಇಳಕಲ್ ಸೀರೆಯಲ್ಲಿ ಮೈಯ ಎಳೆಗೆ ಸೆರಗಿನ ಎಳೆಯನ್ನು ಸೇರಿಸುವುದಕ್ಕೆ ಕೊಂಡಿ ಎನ್ನುತ್ತಾರೆ. ಅಧ್ಯಕ್ಷರು ಹರ್ಷಗೊಂಡರು.

"ರೋಗಿಯೇ ಕೊಂಡಿ, ತಾಯಿ. ಇದು ಜನರ ಸಹಭಾಗಿತ್ವ."

"ಕೊಂಡಿ ಕೆಮ್ಮಾಕತ್ತೈತ್ರಿ."

ಇದನ್ನು ನಡಾವಳಿಯಲ್ಲಿ ದಾಖಲಿಸಲಾಯಿತು.

ಡಾಕ್ಟರೂ ಪೆಟ್ಟಿಗೆಯೂ ದಿನಾ ಬೆಳಿಗ್ಗೆ ಊರು ಬದಲಿಸಲು ಬೇರೆ ಬೇರೆ ಬಸ್ಸಿನಲ್ಲಿ ಹೊರಡುತ್ತಿದ್ದರು. ಎರಡೂ ಬಸ್ಸು ನಡುದಾರಿಯ ಇಳಕಲ್ಲಿನಲ್ಲಿ ಎದುರಾಗುತ್ತಿದ್ದವು. ಪೆಟ್ಟಿಗೆಯ ಬಸ್ಸಿನ ಡ್ರೈವರ ಖಾಸಿಂಸಾಬ ಬಸ್ಸನ್ನು ಅಡ್ಡ ನಿಲ್ಲಿಸಿ, ಚಹಾ ಕುಡಿದು ದಾರಿ ಬಿಡುವತನಕ ಡಾಕ್ಟರ ಬಸ್ಸೂ ಹೊರಡುವಂತಿರಲಿಲ್ಲ. ಬಾಳವ್ವ ಗಂಡನನ್ನು ಅಲ್ಲಿಗೇ ಕರೆತಂದಳು. ಡಾಕ್ಟರು ಒಂದು ಕಿಟಕಿಯಿಂದ ಗೋವಿಂದಪ್ಪನ ಎದೆ ನೋಡಿದರು. ಪೆಟ್ಟಿಗೆಯ ಜೊತೆ ಬರುತ್ತಿದ್ದ ಕಂಪೌಂಡರು ಇನ್ನೊಂದು ಬಸ್ಸಿನ ಕಿಟಕಿಯಿಂದ ಗುಳಿಗೆ ಚಾಚಿದರು.

ವಾರದೊಳಗೆ ಎರಡೂ ಊರು ಅಲ್ಲಿ ಸಾಲುಗಟ್ಟಿ ಪಾಳಿ ಹಚ್ಚಿದವು. ಗೋವಿಂದಪ್ಪ ಪಾಳಿಯ ತುದಿಗೆ ಬಿದ್ದ. ಖಾಸಿಂಸಾಬನ ಚಹಾ ಮುಗಿಯತೊಡಗಿತು. ಬಾಳವ್ವ ಕೂಗಿದಳು:

"ಖಾಸಿಂಸಾಬಣ್ಣಾ, ಇನ್ನೊಂದು ಕುಡಿಯೋ!"

"ಈಗರೆ ಕುಡಿದೇನಿ ಬೇ, ಯವ್ವಾ!"

"ನಮ್ಮ ಮನಿಯವರ ಪಾಳಿ ಬರೂತನಾ ಕುಡಿ. ಊದಿ ಕುಡಿ."

ಸಮಿತಿ ಕೂಡಲೇ ಸ್ಪಂದಿಸಿತು. "ನಾಗರಿಕರ ಆರೋಗ್ಯದ ಹಕ್ಕಿನ ದೃಷ್ಟಿಯಿಂದ ಸದರಿ ಚಾಲಕರು ಎರಡನೆಯ ಚಹಾ ಕುಡಿಯತಕ್ಕದ್ದು. ಊದಿ ಕುಡಿಯತಕ್ಕದ್ದು."

ಡಾಕ್ಟರೂ ಪೆಟ್ಟಿಗೆಯೂ ಇಳಕಲ್ಲಿನಲ್ಲೇ ದಿನ ಕಳೆಯುವುದರಿಂದ ಈಗ ಎರಡೂ ದವಾಖಾನೆಗಳಲ್ಲಿ ಬೋರ್ಡು ಮಾತ್ರ ಇದೆ. ಅಸಮಾನತೆ ಪೂರ್ಣ ನಿವಾರಣೆಯಾಗಿದೆ ಎಂದು ಸಮಿತಿ ವರದಿ ಮಾಡಿದೆ. ಗೋವಿಂದಪ್ಪನ ಕೆಮ್ಮು ಇಳಿದಿದೆ, ಎಳೆ ಹರಿಯುತ್ತಿಲ್ಲ.

ಚಹಾದಿಂದ ಖಾಸಿಂಸಾಬನಿಗೆ ಎದೆಯುರಿ ಹತ್ತಿದೆ. ಅವನೂ ಪಾಳಿಯಲ್ಲಿದ್ದಾನೆ. ಅವನಿಗೆ ಗುಳಿಗೆ ಸಿಕ್ಕರೆ ಬಸ್ಸು ಹೊರಡುತ್ತದಾದ್ದರಿಂದ ಜನ ಅವನನ್ನು ದಿನಾ ಕೊನೆಗೆ ನಿಲ್ಲಿಸುತ್ತಾರೆ. ಅದು ನ್ಯಾಯವೇ ಎಂದು ಅವನೂ ಒಪ್ಪಿ, ಕೈಯಲ್ಲಿನ ಲೋಟ ಊದುತ್ತಾ ನಿಂತಿರುತ್ತಾನೆ.